ನನ್ನ ಪಾಲಿಗೆ ಬಂದ ಹಕಾರ

ಕೆಲವು ವರ್ಷಗಳ ಹಿಂದೆ ಮಕ್ಕಳಿಗಾಗಿ ಒಂದು ಪುಟ್ಟ ಕನ್ನಡ ನಿಘಂಟನ್ನು ಸಿದ್ಧಪಡಿಸುವ ಕೆಲಸಕ್ಕೆ ಏಳೆಂಟು ಮಂದಿ ಸೇರಿ, ಅಕ್ಷರಗಳನ್ನು ಹಂಚಿಕೊಂಡಾಗ, ನನ್ನ ಪಾಲಿಗೆ ಹಕಾರ ಬಂತು. ನಾನು ಒಳಗೊಳಗೇ ಹಿಗ್ಗಿದೆ. ಹಳಗನ್ನಡದಲ್ಲಿ ಪಕಾರದಿಂದ ಶುರುವಾಗುತ್ತಿದ್ದ ಮನೆಮಾತಿನ ಪದಗಳು ಶತಮಾನಗಳ ಹಾದಿಯಲ್ಲಿ ತುಟಿಯನ್ನು ಬಿಟ್ಟು ಗಂಟಲಿಗೆ ಇಳಿದು ಹಕಾರವಾಗಿವೆ: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಹಾಗಾಗಿ ಈ ಅಕ್ಷರದ ಪುಟಗಳಲ್ಲಿ ಹಾಲು, ಹಣ್ಣು, ಹುಲ್ಲು, ಹಸು, ಹಬ್ಬ ಇಂಥವೇ ತುಂಬಿರುತ್ತವೆ. ಹತ್ತು ವರ್ಷದ ಮಗುವಿಗೆ ಗೊತ್ತಿಲ್ಲದ ಪದ ಇದರಲ್ಲಿ ಯಾವುದಿದೆ, ತಿಂಗಳೊಳಗೆ ಮುಗಿಸಿಬಿಡಬಹುದು ಎಂದುಕೊಂಡೆ. ಹನ್ನೊಂದು ತಿಂಗಳು ಹಿಡಿಯಿತು. ಗೊತ್ತಿಲ್ಲದ ಪದಕ್ಕೆ ಅರ್ಥ ಬರೆಯುವುದು ಅಷ್ಟೇನೂ ಕಷ್ಟವಲ್ಲ, ಹುಡುಕಿ ಬರೆಯಬಹುದು. ಎಲ್ಲರಿಗೂ ಗೊತ್ತಿರುವ ಪದಕ್ಕೆ ಅರ್ಥ ಬರೆಯಲು ಕುಳಿತವನು ಎಲ್ಲಿಗೆ ಹೋಗಿ ಹುಡುಕಬೇಕು?

ಪ್ರಕಾಶಕರು ಎರಡು ಕಟ್ಟಳೆ ಹಾಕಿದ್ದರು. ಅರ್ಥ ಹೇಳಲು ಬಳಸುವ ಮಾತು, ಅರ್ಥ ಹೇಳಬೇಕಾದ ಪದಕ್ಕಿಂತ ಕಠಿಣವಾಗಿರಬಾರದು ಎಂಬುದು ಒಂದು. ಒಂದು ಪದಕ್ಕೆ ಒಂದೇ ಸಾಲು ಎಂಬುದು ಇನ್ನೊಂದು. ಮೊದಲನೆಯದು ಎಲ್ಲ ನಿಘಂಟುಕಾರರೂ ಗೋಡೆಗೆ ಬರೆದಿಟ್ಟುಕೊಳ್ಳಬೇಕಾದ ಮಾತು. ಎರಡನೆಯದು ಕಾಗದದ ಬೆಲೆಗೆ ಸಂಬಂಧಿಸಿದ್ದು.

ನಾನು ಬರೆದ ಮೊದಲ ಸಾಲು ಹೀಗಿತ್ತು: "ಹಸು: ಹಾಲು ಕೊಡುವ ಸಾಕುಪ್ರಾಣಿ." ಆ ಸಂಜೆ ಪಕ್ಕದ ಮನೆಗೆ ಹಾಲಿಗೆ ಹೋದಾಗ, ಕೊಟ್ಟಿಗೆಯಲ್ಲಿ ಹಿಂಡಿ ಕಲಸುತ್ತಿದ್ದ ಯಜಮಾನಿಗೆ ಅದನ್ನು ಹೆಮ್ಮೆಯಿಂದ ಹೇಳಿದೆ. ಅವರು ಕೈ ನಿಲ್ಲಿಸದೆ, "ಹಂಗಾರೆ ನಮ್ಮ ಕೆಂಪಿ ಈಗ ಹಸು ಅಲ್ವಾ?" ಎಂದರು. ಕೆಂಪಿಗೆ ಆಗ ಏಳು ತಿಂಗಳು ತುಂಬಿ ಹಾಲು ಬತ್ತಿಸಿದ್ದರು. ಅದರ ಪಕ್ಕದ ಗೂಟದಲ್ಲಿ ಎಮ್ಮೆಯೊಂದು ನನ್ನ ನಿಘಂಟಿನ ಎಲ್ಲ ಷರತ್ತುಗಳನ್ನೂ ಪೂರೈಸುತ್ತಾ ಮೆಲುಕು ಹಾಕುತ್ತಿತ್ತು. ಒಂದೇ ಕೊಟ್ಟಿಗೆಯಲ್ಲಿ ನನ್ನ ಒಂದು ಸಾಲು ಹಸುವನ್ನು ಹೊರಗೆ ಹಾಕಿ ಎಮ್ಮೆಯನ್ನು ಒಳಗೆ ಬಿಟ್ಟುಕೊಂಡಿತ್ತು.

ಈ ಎರಡು ತಪ್ಪುಗಳಿಗೆ ನಮ್ಮ ತಾರ್ಕಿಕರು ಬಹಳ ಹಿಂದೆಯೇ ಹೆಸರಿಟ್ಟಿದ್ದಾರೆ. ಸೇರಬೇಕಾದದ್ದು ಸೇರದೆ ಉಳಿದರೆ ಅವ್ಯಾಪ್ತಿ, ಸೇರಬಾರದ್ದು ಸೇರಿಕೊಂಡರೆ ಅತಿವ್ಯಾಪ್ತಿ, ಲಕ್ಷ್ಯವಾದ ವಸ್ತುವಿನಲ್ಲಿ ಎಲ್ಲಿಯೂ ಇಲ್ಲದ ಗುಣವನ್ನು ಹೇಳಿದರೆ ಅಸಂಭವ. ಸ್ವಾರಸ್ಯವೆಂದರೆ ಅವರು ಇದನ್ನು ವಿವರಿಸಲು ಆರಿಸಿಕೊಂಡ ಉದಾಹರಣೆಯೂ ಹಸುವೇ. 17ನೆಯ ಶತಮಾನದ ಅನ್ನಂಭಟ್ಟ ತನ್ನ ತರ್ಕಸಂಗ್ರಹಕ್ಕೆ ತಾನೇ ಬರೆದ ದೀಪಿಕೆ ಎಂಬ ವ್ಯಾಖ್ಯಾನದಲ್ಲಿ ಹೇಳುವಂತೆ, ಹಸುವಿನ ಲಕ್ಷಣ ಕಪಿಲ (ಕಂದು) ಬಣ್ಣ ಎಂದರೆ ಅವ್ಯಾಪ್ತಿಯಾಯಿತು, ಏಕೆಂದರೆ ಬಿಳಿ ಹಸು ಹೊರಗುಳಿಯಿತು. ಕೊಂಬುಳ್ಳದ್ದು ಎಂದರೆ ಅತಿವ್ಯಾಪ್ತಿ, ಎಮ್ಮೆ ಒಳಗೆ ಬಂತು. ಒಂಟಿಗೊರಸಿನದ್ದು ಎಂದರೆ ಅಸಂಭವ, ಏಕೆಂದರೆ ಹಸುವಿನದು ಸೀಳುಗೊರಸು. ಮೂರನ್ನೂ ದಾಟಿ ನಿಲ್ಲುವ ಲಕ್ಷಣ ಒಂದೇ: ಸಾಸ್ನೆ. ಕತ್ತಿನ ಕೆಳಗೆ ಜೋಲಾಡುವ ಆ ತೊಗಲಿಗೆ ಕನ್ನಡದಲ್ಲಿ ಗಂಗೆದೊಗಲು ಎನ್ನುತ್ತಾರೆ. ಕುದುರೆಗೆ ಅದಿಲ್ಲ, ಎಮ್ಮೆಗೆ ಅದಿಲ್ಲ. ಬತ್ತಿದ ಹಸುವಿಗೂ ಗೊಡ್ಡು ಹಸುವಿಗೂ ಉಂಟು.

ಈ ಉದಾಹರಣೆ ಅನ್ನಂಭಟ್ಟನದೇನೂ ಅಲ್ಲ. ಕ್ರಿಸ್ತಪೂರ್ವ 2ನೆಯ ಶತಮಾನದ ಪತಂಜಲಿಯ ವ್ಯಾಕರಣ ಗ್ರಂಥ ಮಹಾಭಾಷ್ಯ ಶುರುವಾಗುತ್ತಿದ್ದಂತೆಯೇ ಈ ಹಸು ಬರುತ್ತದೆ. 'ಗೌಃ' ಎಂದಾಗ ಅದರಲ್ಲಿ ಶಬ್ದ ಯಾವುದು, ಗಂಗೆದೊಗಲು, ಬಾಲ, ಹಿಣಿಲು (ಹೆಗಲ ಮೇಲಿನ ಡುಬ್ಬ), ಗೊರಸು, ಕೊಂಬುಗಳಿರುವ ಆ ವಸ್ತುವೇ ಶಬ್ದವೇ, ಎಂದು ಕೇಳಿಕೊಂಡು, ಅಲ್ಲ, ಅದು ದ್ರವ್ಯ ಎಂದು ಉತ್ತರಿಸಿಕೊಳ್ಳುತ್ತಾನೆ. ಪದ ಬೇರೆ, ಪದಾರ್ಥ ಬೇರೆ ಎಂಬ ಈ ಎಚ್ಚರ ನಿಘಂಟು ಬರೆಯುವವನಿಗೆ ದಿನಕ್ಕೆ ಹತ್ತು ಸಲ ಬೇಕಾಗುತ್ತದೆ. ನಾನು ಅರ್ಥ ಬರೆಯಬೇಕಾದದ್ದು 'ಹಸು' ಎಂಬ ಎರಡಕ್ಷರಕ್ಕೋ, ಕೊಟ್ಟಿಗೆಯಲ್ಲಿರುವ ಕೆಂಪಿಗೋ?

ಗಂಗೆದೊಗಲಿನ ಬಗ್ಗೆ ಯೋಚಿಸಿದಷ್ಟೂ ನನಗೆ ಒಂದು ವಿಷಯ ಸ್ಪಷ್ಟವಾಗುತ್ತಾ ಹೋಯಿತು. ಗಂಗೆದೊಗಲಿಗಾಗಿ ಯಾರೂ ಹಸು ಸಾಕುವುದಿಲ್ಲ. ಸಾಕುವುದು ಹಾಲಿಗೆ, ಗೊಬ್ಬರಕ್ಕೆ, ಹುಟ್ಟುವ ಹೋರಿಗರುವಿಗೆ. ಹಸುವಿನ ಬಗ್ಗೆ ನಮಗೆ ಮುಖ್ಯವಾದದ್ದೆಲ್ಲ ಲಕ್ಷಣದ ಮಾತಿನಲ್ಲಿ ಬಿಟ್ಟುಹೋಗಿ, ಅತ್ಯಂತ ನಿರುಪಯೋಗಿಯಾದ ಒಂದು ತೊಗಲು ಮಾತ್ರ ಉಳಿದುಕೊಂಡಿತು. ತಾರ್ಕಿಕನಿಗೆ ಹಸುವನ್ನು ಬಣ್ಣಿಸುವ ಇರಾದೆಯೇ ಇಲ್ಲ. ಉಳಿದ ಪ್ರಾಣಿಗಳಿಂದ ಅದನ್ನು ಬೇರ್ಪಡಿಸಿ ಕೊಟ್ಟರೆ ಅವನ ಕೆಲಸ ತೀರಿತು. ಬೇಲಿ ಹಾಕುವವನಿಗೆ ತೋಟದ ಅಂಚು ಮುಖ್ಯ, ಒಳಗಿನ ಬೆಳೆ ಯಾವುದಾದರೇನು?

ಆ ಬೇಲಿಯೂ ಕಾಲಕಾಲಕ್ಕೆ ಸಡಿಲವಾಗುತ್ತದೆ. ನಮ್ಮ ನೆರೆಮನೆಯ ಕೆಂಪಿ ನಾಟಿ ದನ, ಅದರ ಗಂಗೆದೊಗಲು ನಡೆದಾಗ ತೂಗುತ್ತದೆ. ಅದೇ ಕೊಟ್ಟಿಗೆಯ ಇನ್ನೊಂದು ತುದಿಯಲ್ಲಿ ಡೇರಿಗೆ ಹಾಲು ಹಾಕುವುದಕ್ಕೆಂದು ತಂದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುವಿದೆ. ಕಪ್ಪು ಬಿಳಿಯ ಆ ದೊಡ್ಡ ದೇಹದಲ್ಲಿ ಗಂಗೆದೊಗಲು ಹೆಸರಿಗಷ್ಟೇ ಉಂಟು, ಹಿಣಿಲಂತೂ ಇಲ್ಲವೇ ಇಲ್ಲ. ಪತಂಜಲಿಯೂ ಅನ್ನಂಭಟ್ಟನೂ ನೋಡಿದ್ದು ಈ ನೆಲದ ದನಗಳನ್ನು. ಯುರೋಪಿನ ತಳಿಗಳು ಅವರ ಲೆಕ್ಕದಲ್ಲಿರಲಿಲ್ಲ. ಎರಡು ಸಾವಿರ ವರ್ಷ ಗಟ್ಟಿಯಾಗಿ ನಿಂತ ಲಕ್ಷಣಕ್ಕೆ ಕೃತಕ ಗರ್ಭಧಾರಣೆಯ ಒಂದು ಸೂಜಿಯಿಂದ ಅವ್ಯಾಪ್ತಿಯ ಭಯ ಬಂತು. ಅನ್ನಂಭಟ್ಟ ಜಾಣ, 'ಸಾಸ್ನಾದಿ' ಎಂದಿದ್ದಾನೆ, ಗಂಗೆದೊಗಲು ಮುಂತಾದವು ಎಂದು. ಆ 'ಆದಿ'ಯ ಒಳಗೆ ಎಚ್‌ಎಫ್ ಕೂಡ ಹೇಗೋ ತೂರಿಕೊಳ್ಳಬಹುದು. ಅರ್ಥ ಬರೆಯುವವರೆಲ್ಲ ಒಂದಲ್ಲ ಒಂದು ದಿನ 'ಇತ್ಯಾದಿ'ಯ ಮೊರೆಹೋಗುತ್ತಾರೆ; ನನ್ನ ಹಕಾರದಲ್ಲಿ ಅದು ಎಷ್ಟು ಸಲ ಬಂದಿದೆಯೆಂದು ಎಣಿಸಲು ನನಗೆ ಧೈರ್ಯವಿಲ್ಲ.

ಹಾಗೆಂದು "ಹಸು: ಗಂಗೆದೊಗಲು ಮೊದಲಾದವುಳ್ಳ ಪ್ರಾಣಿ" ಎಂದು ಬರೆದರೆ ಪ್ರಕಾಶಕರ ಮೊದಲ ಕಟ್ಟಳೆ ಮುರಿಯುತ್ತದೆ. ಹಸು ಗೊತ್ತಿರುವ ಹತ್ತು ಮಕ್ಕಳಲ್ಲಿ ಗಂಗೆದೊಗಲು ಗೊತ್ತಿರುವ ಮಗು ಒಂದೂ ಇರಲಾರದು. ತರ್ಕದ ದೃಷ್ಟಿಯಿಂದ ನಿರ್ದುಷ್ಟವಾದ ಸಾಲು ಮಗುವಿನ ಕೈಯಲ್ಲಿ ನಿರುಪಯೋಗಿಯಾಯಿತು. ಮಗುವಿಗೆ ಥಟ್ಟನೆ ತಿಳಿಯುವ ಸಾಲು ತರ್ಕದ ಮುಂದೆ ನಿಲ್ಲಲಿಲ್ಲ. ಪದಕ್ಕೆ ಅರ್ಥ ಎಂಬುದು ಪದದ ಹೊಟ್ಟೆಯೊಳಗೆ ಸಿದ್ಧವಾಗಿ ಕುಳಿತಿರುತ್ತದೆ, ತೆಗೆದು ಬರೆದರಾಯಿತು ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಅರ್ಥ ಹೇಳುವುದೆಂದರೆ ಯಾರದೋ ಒಂದು ಪ್ರಶ್ನೆಗೆ ಉತ್ತರ ಕೊಡುವುದು, ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗಬೇಕು ಎಂಬುದು ಆ ಕೊಟ್ಟಿಗೆಯಲ್ಲಿ ಹೊಳೆಯಿತು. ಮುಂದಿನ ತಿಂಗಳುಗಳಲ್ಲಿ ನಾನು ಪ್ರತಿ ಪದದ ಮುಂದೆಯೂ, ಇದನ್ನು ಕೇಳುತ್ತಿರುವವರು ಯಾರು, ಅವರಿಗೆ ಈಗಾಗಲೇ ಗೊತ್ತಿರುವುದೇನು, ಎಂದು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳತೊಡಗಿದೆ.

ಪದದ ಹುಟ್ಟಿನಿಂದ ಅರ್ಥ ಹೇಳುವ ದಾರಿಯೊಂದಿದೆ, ಅದು ಭಾಷಣಕಾರರಿಗೆ ಬಹಳ ಪ್ರಿಯ. 'ಗಚ್ಛತಿ ಇತಿ ಗೌಃ', ನಡೆಯುವುದರಿಂದ ಗೋವು. ಹಾಗಾದರೆ ಮಲಗಿದ ಗೋವನ್ನು ಏನೆನ್ನಬೇಕು? ಈ ಆಕ್ಷೇಪ ನನ್ನದಲ್ಲ; ಅಲಂಕಾರಶಾಸ್ತ್ರದ ವಿಶ್ವನಾಥ, ವ್ಯುತ್ಪತ್ತಿಗೆ ಕಾರಣವಾದದ್ದು ಬೇರೆ, ಬಳಕೆಗೆ ಕಾರಣವಾದದ್ದು ಬೇರೆ ಎನ್ನುತ್ತಾ, ವ್ಯುತ್ಪತ್ತಿಯೇ ಮುಖ್ಯಾರ್ಥವಾದರೆ 'ಗೋವು ಮಲಗಿದೆ' ಎಂಬ ಸಾದಾ ಮಾತನ್ನೂ ಲಾಕ್ಷಣಿಕವೆಂದು ಒಪ್ಪಬೇಕಾಗುತ್ತದೆ ಎಂದು ತೋರಿಸಿದ್ದಾನೆ. ನಮ್ಮ 'ಹಸು'ವಿನ ಕಥೆಯೂ ಇಂಥದೇ. ಅದು ಸಂಸ್ಕೃತದ 'ಪಶು'ವಿನಿಂದ ಬಂದ ತದ್ಭವ, ಅಲ್ಲಿ ಅದಕ್ಕೆ ಪ್ರಾಣಿ ಎಂಬ ಹರವಾದ ಅರ್ಥ. ಕನ್ನಡಕ್ಕೆ ಬಂದು ಪಸುವಾಗಿ, ಹಸುವಾಗಿ, ಒಂದು ಪ್ರಾಣಿಯ ಹೆಣ್ಣಿಗೆ ಮಾತ್ರ ಅಂಟಿಕೊಂಡಿತು. ಮೂಲವನ್ನು ಹಿಡಿದು ಕುರಿಯನ್ನೂ ಕತ್ತೆಯನ್ನೂ ಹಸುವೆಂದು ಸಾಧಿಸಬಹುದು, ಆದರೆ ಹಾಲು ಹಾಕಲು ಡೇರಿಗೆ ಹೋದಾಗ ಯಾರೂ ಒಪ್ಪುವುದಿಲ್ಲ.

ಇನ್ನು ಪರ್ಯಾಯ ಪದ ಕೊಡುವ ದಾರಿ. ಹಸು ಎಂದರೆ ಆಕಳು, ಆಕಳು ಎಂದರೆ ಗೋವು, ಗೋವು ಎಂದರೆ ಹಸು: ಮೂರು ಪುಟ ತಿರುಗಿಸಿ ಹೊರಟಲ್ಲಿಗೇ ಬಂದು ನಿಲ್ಲುವ ಈ ಗಾಣದೆತ್ತಿನ ಸುತ್ತನ್ನು ನಾವೆಲ್ಲ ಶಾಲೆಯ ದಿನಗಳಲ್ಲಿ ಅನುಭವಿಸಿದ್ದೇವೆ. ಅದನ್ನು ನಾನೂ ಗೇಲಿ ಮಾಡುತ್ತಿದ್ದೆ, ಈಗ ಮಾಡುವುದಿಲ್ಲ. ಧಾರವಾಡದ ಕಡೆಯ ಮಗುವಿಗೆ ಮನೆಯಲ್ಲಿ ಗೊತ್ತಿರುವುದು ಆಕಳು. ಅದು ಪಠ್ಯಪುಸ್ತಕದಲ್ಲಿ 'ಹಸು' ಎಂದು ಕಂಡು ತಬ್ಬಿಬ್ಬಾದಾಗ ಬೇಕಾದದ್ದು "ಆಕಳು" ಎಂಬ ಒಂದೇ ಪದ. ಗಂಗೆದೊಗಲೂ ಬೇಡ, ಹಾಲೂ ಬೇಡ. ವಸ್ತು ಗೊತ್ತಿದ್ದು ಹೆಸರು ಮಾತ್ರ ಗೊತ್ತಿಲ್ಲದವರಿಗೆ ಪರ್ಯಾಯ ಪದದಷ್ಟು ಚುರುಕಾದ ಉತ್ತರ ಇನ್ನೊಂದಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದವರಿಗೆ ಗೋವು ಏನೆಂದು ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಛಂದಸ್ಸಿಗೆ ಹೊಂದುವ ಇನ್ನೊಂದು ಹೆಸರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ಕನ್ನಡ ಇಂಗ್ಲಿಷ್ ನಿಘಂಟು ಇನ್ನೊಂದು ಬಗೆಯ ಓದುಗನನ್ನು ಎದುರಿಗಿಟ್ಟುಕೊಂಡಿತ್ತು, ಇಂಗ್ಲಿಷ್ ಗೊತ್ತಿದ್ದು ಕನ್ನಡವನ್ನು ಕಲಿಯಬೇಕಾದವನನ್ನು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮಾಡಿದ ಕೆಲಸವೇ ಬೇರೆ. ಅಲ್ಲಿ ಅರ್ಥದ ಜೊತೆಗೆ ಶಾಸನದಿಂದ, ಕಾವ್ಯದಿಂದ, ವಚನದಿಂದ ಆಯ್ದ ಪ್ರಯೋಗಗಳಿವೆ. ಈ ಪದವನ್ನು ಹೀಗೆ ಬಳಸಬೇಕು ಎಂಬ ಆಜ್ಞೆಯ ಬದಲು, ಬಳಸಿದವರು ಹೀಗೆ ಬಳಸಿದ್ದಾರೆ ಎಂಬ ಸಾಕ್ಷ್ಯ. ನಿಘಂಟನ್ನು ನ್ಯಾಯಾಧೀಶನೆಂದು ತಿಳಿದು ವಾದಕ್ಕೆ ಎಳೆದು ತರುವವರಿಗೆ ಅದು ನಿಜಕ್ಕೂ ಸಾಕ್ಷಿಯ ಕಟಕಟೆಯಲ್ಲಿ ನಿಂತಿದೆ ಎಂಬುದು ನೆನಪಿರುವುದಿಲ್ಲ.

'ಹಸಿರು' ನನ್ನನ್ನು ಒಂದು ವಾರ ಕಾಡಿತು. ಬಣ್ಣಕ್ಕೆ ಅರ್ಥ ಹೇಳಲು ಬರುವುದಿಲ್ಲ, ತೋರಿಸಲು ಮಾತ್ರ ಬರುತ್ತದೆ; ನಮ್ಮ ಪುಸ್ತಕವೋ ಕಪ್ಪು ಶಾಯಿಯದು. "ಹುಲ್ಲಿನ ಬಣ್ಣ" ಎಂದು ಬರೆದು ಹುಲ್ಲಿನ ಪುಟಕ್ಕೆ ಹೋದರೆ ಅಲ್ಲಿ ನಾನೇ "ದನ ತಿನ್ನುವ ಹಸಿರಾದ ಸಣ್ಣ ಸಸ್ಯ" ಎಂದು ಬರೆದಿದ್ದೆ. ಚಿತ್ರದುರ್ಗದ ಕಡೆ ಮಾರ್ಚಿ ತಿಂಗಳಲ್ಲಿ ಆ ಪುಸ್ತಕ ತೆರೆದ ಮಗು ಕಿಟಕಿಯಾಚೆ ನೋಡಿದರೆ ಹಸಿರೆಂದರೆ ಒಣಗಿದ ಗೋಣಿಚೀಲದ ಬಣ್ಣವೆಂದು ತಿಳಿಯಬೇಕಾಗುತ್ತದೆ. ಬೆಳಕಿನ ತರಂಗದ ಅಳತೆಯನ್ನು ನ್ಯಾನೋಮೀಟರಿನಲ್ಲಿ ಕೊಡಬಹುದು, ಭೌತಶಾಸ್ತ್ರದ ಪುಸ್ತಕಕ್ಕೆ ಅದೇ ಸರಿ. ಆದರೆ ಆ ಸಂಖ್ಯೆಯಿಂದ ಹಸಿರನ್ನು ಕಂಡವರು ಯಾರೂ ಇಲ್ಲ.

ಬೊಟ್ಟು ಮಾಡಿ ತೋರಿಸುವುದಾದರೂ ಸುಲಭವೇ? ಎಲೆಯ ಕಡೆಗೆ ಬೊಟ್ಟು ಮಾಡಿ 'ಹಸಿರು' ಎಂದರೆ ಮಗು ಅದನ್ನು ಎಲೆಯ ಹೆಸರೆಂದೇ ತಿಳಿಯಬಹುದು. ಈ ತೊಡಕನ್ನು ಬಿಡಿಸಲು, ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರು ಒಂದು ಸೊಗಸಾದ ಚಿತ್ರ ಕೊಡುತ್ತಾರೆ. ಹಿರಿಯನೊಬ್ಬ ಇನ್ನೊಬ್ಬನಿಗೆ 'ಗಾಮ್ ಆನಯ' ಎನ್ನುತ್ತಾನೆ, ಆತ ಹಸುವನ್ನು ತರುತ್ತಾನೆ. ಪಕ್ಕದಲ್ಲಿ ಕುಳಿತ ಬಾಲಕ ನೋಡುತ್ತಿರುತ್ತಾನೆ. ಇಡೀ ಮಾತಿಗೆ ಇಡೀ ಕೆಲಸ ಅರ್ಥವೆಂಬಷ್ಟು ಮಾತ್ರ ಆಗ ತಿಳಿಯುತ್ತದೆ. ಬಳಿಕ 'ಗಾಂ ಬಧಾನ' ಎಂದಾಗ ಹಸುವನ್ನು ಕಟ್ಟುವುದನ್ನೂ, 'ಅಶ್ವಮ್ ಆನಯ' ಎಂದಾಗ ಕುದುರೆಯನ್ನು ತರುವುದನ್ನೂ ನೋಡುತ್ತಾ, ಯಾವ ಪದ ಹೋದಾಗ ಏನು ಹೋಯಿತು, ಯಾವ ಪದ ಬಂದಾಗ ಏನು ಬಂತು ಎಂಬುದರಿಂದ ಒಂದೊಂದೇ ಪದವನ್ನು ಬಿಡಿಸಿಕೊಳ್ಳುತ್ತಾನೆ. ಇದಕ್ಕೆ ಆವಾಪ, ಉದ್ವಾಪ ಎಂಬ ಹೆಸರಿದೆ. ಪದದ ಅರ್ಥ ತಿಳಿಯುವ ಎಂಟು ಹಾದಿಗಳನ್ನು ಎಣಿಸುವ ಒಂದು ಹಳೆಯ ಶ್ಲೋಕವಿದೆ; ವ್ಯಾಕರಣ, ಕೋಶ, ಬಲ್ಲವರ ಮಾತು, ಹೋಲಿಕೆ ಎಲ್ಲಕ್ಕೂ ಅಲ್ಲಿ ಜಾಗವಿದ್ದರೂ, ಮೊದಲ ಪದಗಳನ್ನು ನಾವೆಲ್ಲ ಕಲಿತದ್ದು ಹಿರಿಯರ ವ್ಯವಹಾರವನ್ನು ನೋಡಿಯೇ. ಕೊನೆಗೆ ನಾನು ಹಸಿರಿನ ಮುಂದೆ "ಎಳೆಯ ಬಾಳೆ ಎಲೆ, ಗಿಳಿ, ಮಾಗದ ಮಾವು ಇವುಗಳ ಬಣ್ಣ" ಎಂದು ಬರೆದೆ. ಮೂರನ್ನೂ ಕಂಡ ಮಗು ಮೂರರಲ್ಲೂ ಸಮಾನವಾದದ್ದನ್ನು ತಾನೇ ಹೆಕ್ಕಿಕೊಳ್ಳಲಿ ಎಂದು.

ಹಸಿರಿನ ಮಗ್ಗುಲಲ್ಲೇ 'ಹಸಿ' ಇದೆ. ಅದರ ಅರ್ಥ ಬರೆಯಲು ಕುಳಿತಾಗ, ಇಲ್ಲದ್ದನ್ನು ಹೇಳದೆ ಇರುವುದನ್ನು ಹೇಳಲು ಬರುವುದಿಲ್ಲ ಎಂದು ಕಂಡಿತು. ಹಸಿ ತರಕಾರಿ ಬೇಯದ್ದು, ಹಸಿ ಕಟ್ಟಿಗೆ ಒಣಗದ್ದು, ಹಸಿ ಹಾಲು ಕಾಯಿಸದ್ದು, ಹಸಿ ಗಾಯ ಮಾಯದ್ದು. ಹಸಿ ಬಾಣಂತಿಯಲ್ಲಿ ಇನ್ನೂ ಆಗದಿರುವುದು ಯಾವುದು ಎಂದು ಒಂದೇ ಪದದಲ್ಲಿ ಹೇಳಲು ನನಗೆ ಇವತ್ತಿಗೂ ಬಂದಿಲ್ಲ, ಆದರೆ ಕನ್ನಡ ಬಲ್ಲವರಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ. ಬೌದ್ಧ ತಾರ್ಕಿಕ ದಿಙ್ನಾಗ, ಪದವೆಲ್ಲವೂ ಅರ್ಥ ಕೊಡುವುದು ಉಳಿದದ್ದನ್ನು ತಳ್ಳಿಹಾಕುವುದರಿಂದಲೇ, 'ಗೋವು' ಎಂದರೆ ಗೋವಲ್ಲದವುಗಳ ನಿರಾಕರಣೆ, ಎಂದು ವಾದಿಸಿದ. ಗೋವಲ್ಲದ್ದು ಯಾವುದೆಂದು ತಿಳಿಯಲು ಮೊದಲು ಗೋವು ತಿಳಿದಿರಬೇಡವೇ, ಎಂದು ಮೀಮಾಂಸಕ ಕುಮಾರಿಲಭಟ್ಟ ತಿರುಗಿ ಕೇಳಿದ. ಹಸುವಿನ ವಿಷಯದಲ್ಲಿ ನಾನು ಕುಮಾರಿಲನ ಕಡೆ. ಹಸಿಯ ವಿಷಯಕ್ಕೆ ಬಂದರೆ ದಿಙ್ನಾಗನೇ ಗೆದ್ದ.

ಈ ಅಕ್ಷರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಪದ 'ಹದ'. ನಿಘಂಟುಗಳು "ಸರಿಯಾದ ಸ್ಥಿತಿ, ತಕ್ಕ ಪಕ್ವತೆ" ಎನ್ನುತ್ತವೆ. ತಪ್ಪೇನಿಲ್ಲ, ಆದರೆ ಆ ಮಾತನ್ನು ಹಿಡಿದುಕೊಂಡು ಆಲೆಮನೆಗೆ ಹೋದವನು ಬೆಲ್ಲವನ್ನು ಸೀಯಿಸಿ ಬರುತ್ತಾನೆ. ನಮ್ಮ ಮಲೆನಾಡಿನ ಕಡೆ ಈಗಲೂ ಅಲ್ಲಲ್ಲಿ ಆಲೆಮನೆ ನಡೆಯುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಗಂಟೆಗಟ್ಟಲೆ ಕುದಿಯುತ್ತಿರುವಾಗ, ಬೆಲ್ಲ ಕಾಯಿಸುವ ಹಿರಿಯ ಮಾತಾಡದೆ ನೊರೆಯನ್ನು ನೋಡುತ್ತಾ ನಿಂತಿರುತ್ತಾನೆ. ಮೊದಲಿನ ಬಿಳಿ ನೊರೆ ಹೋಗಿ, ಗುಳ್ಳೆಗಳು ದಪ್ಪವಾಗಿ, ಒಡೆಯುವಾಗ ಬೇರೊಂದು ಸದ್ದು ಮಾಡತೊಡಗಿದ ಮೇಲೆ, ಸಟ್ಟುಗದ ತುದಿಯಿಂದ ಒಂದು ತೊಟ್ಟನ್ನು ತಣ್ಣೀರಿನ ಬಟ್ಟಲಿಗೆ ಬಿಡುತ್ತಾನೆ. ನೀರಿನಲ್ಲಿ ಕದಡಿಹೋದರೆ ಇನ್ನೂ ಆಗಿಲ್ಲ. ತಳದಲ್ಲಿ ಕೂಡಿ ನಿಂತು, ಬೆರಳಲ್ಲಿ ಎತ್ತಿದರೆ ಎಳೆಯಾಗಿ ಜಗ್ಗಿದರೆ ಜೋನಿಬೆಲ್ಲದ ಹದ, ಈಗಲೇ ಇಳಿಸಬೇಕು. ಅಚ್ಚುಬೆಲ್ಲ ಬೇಕೆಂದರೆ ಇನ್ನಷ್ಟು ಕಾಯಬೇಕು, ತೊಟ್ಟು ನೀರಿನಲ್ಲಿ ಗಟ್ಟಿ ಉಂಡೆಯಾಗಿ ಬೆರಳಿಗೆ ಸಿಗುವವರೆಗೆ. ಉಷ್ಣಮಾಪಕ ಇಟ್ಟರೆ ಮೊದಲನೆಯದು ಸುಮಾರು 106 ಡಿಗ್ರಿ ಸೆಲ್ಸಿಯಸ್, ಎರಡನೆಯದು ಸುಮಾರು 118. ಆ ಹನ್ನೆರಡು ಡಿಗ್ರಿಯ ಅಂತರದಲ್ಲಿ 'ಹದ' ಎಂಬ ಪದಕ್ಕೆ ಎರಡು ಬೇರೆ ಅರ್ಥಗಳಿವೆ.

ಹದಕ್ಕೆ ಅರ್ಥ ಹೀಗೆ ಕೆಲಸವಾಗಿ ಮಾತ್ರ ಸಿಗುತ್ತದೆ: ಇಂಥದ್ದನ್ನು ಮಾಡು, ಇಂಥದ್ದು ಕಂಡರೆ ಅದೇ. ಉಳುವ ಮಣ್ಣಿನ ಹದವನ್ನೂ ರೈತರು ಹೀಗೆಯೇ ಹೇಳುತ್ತಾರೆ. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಉಂಡೆಯಾಗಬೇಕು, ಸೊಂಟದ ಎತ್ತರದಿಂದ ಬಿಟ್ಟರೆ ಒಡೆದು ಪುಡಿಯಾಗಬೇಕು; ಉಂಡೆಯೇ ಆಗದಿದ್ದರೆ ಒಣಗಿದೆ, ಬಿದ್ದರೂ ಒಡೆಯದಿದ್ದರೆ ಹಸಿ ಹೆಚ್ಚಾಗಿದೆ. ಇದರಲ್ಲಿ ಅವ್ಯಾಪ್ತಿಯಿಲ್ಲ, ಅತಿವ್ಯಾಪ್ತಿಯಿಲ್ಲ, ಕಠಿಣವಾದ ಒಂದು ಪದವೂ ಇಲ್ಲ. ಒಂದು ಸಾಲಿನಲ್ಲಿ ಹಿಡಿಯಲಿಲ್ಲವೆಂಬ ಕಾರಣಕ್ಕೆ ಇದು ಪುಸ್ತಕದಲ್ಲಿ ಬರಲಿಲ್ಲ. ಅಚ್ಚಿನಲ್ಲಿ ಉಳಿದದ್ದು "ತಕ್ಕ ಸ್ಥಿತಿ". ಆ ಸಂಕಟ ನನಗೆ ಇನ್ನೂ ಆರಿಲ್ಲ.

'ಹೆಕ್ಟೇರು' ಬರೆಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ: 10,000 ಚದರ ಮೀಟರ್. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ಇಲ್ಲಿ ಯಾರ ಬಳಕೆಯನ್ನೂ ಗಮನಿಸಬೇಕಾಗಿಲ್ಲ, ಏಕೆಂದರೆ ಅರ್ಥ ಮೊದಲು ಬಂದು ಬಳಕೆ ಆಮೇಲೆ ಬಂತು. ಮಾರು, ಮೊಳ, ಗೇಣುಗಳು ಹಾಗಲ್ಲ. ಹೂ ಮಾರುವವಳ ಮೊಳ ಕೊಳ್ಳುವವಳ ಮೊಳಕ್ಕಿಂತ ಯಾವಾಗಲೂ ಗಿಡ್ಡ.

ಕಾನೂನಿನ ಅರ್ಥಗಳೂ ಹೀಗೆ ಗೊತ್ತುಪಡಿಸಿದವೇ. ಕಾಯ್ದೆಗಳ ಮೊದಲ ಪುಟಗಳಲ್ಲಿ ಬರುವ ಪರಿಭಾಷೆಗಳ ಪ್ರಕರಣವನ್ನು ಓದುವ ಅಭ್ಯಾಸ ನನಗೆ ಈ ಕೆಲಸದಿಂದ ಅಂಟಿಕೊಂಡಿತು. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪರಿಭಾಷೆಯಲ್ಲಿ ಜಾನುವಾರು ಎಂದರೆ ಎಲ್ಲ ವಯಸ್ಸಿನ ಹಸು, ಕರು, ಹೋರಿ, ಎತ್ತುಗಳು ಮತ್ತು 13 ವರ್ಷದೊಳಗಿನ ಎಮ್ಮೆ, ಕೋಣಗಳು. ಕಾಯ್ದೆಯ ಸರಿತಪ್ಪುಗಳ ಚರ್ಚೆ ಇಲ್ಲಿಯದಲ್ಲ. ನನ್ನ ಗಮನವಿದ್ದದ್ದು ಆ ಹದಿಮೂರರ ಗೆರೆಯ ಮೇಲೆ. ನಮ್ಮ ನೆರೆಮನೆಯ ಎಮ್ಮೆ ಆ ವಯಸ್ಸು ದಾಟಿದ ಮರುದಿನವೂ ಅದೇ ಗೂಟದಲ್ಲಿ ಅದೇ ಹುಲ್ಲು ತಿನ್ನುತ್ತಿರುತ್ತದೆ, ಆ ಮನೆಯವರು ಅದನ್ನು ಜಾನುವಾರು ಎಂದೇ ಎಣಿಸುತ್ತಾರೆ, ಆದರೆ ಆ ಒಂದು ಕಾಯ್ದೆಯ ಮಟ್ಟಿಗೆ ಅದು ಜಾನುವಾರಲ್ಲ. ತಾರ್ಕಿಕ ಇರುವ ಗೆರೆಯನ್ನು ಹುಡುಕುತ್ತಾನೆ, ಶಾಸಕ ಇಲ್ಲದ ಗೆರೆಯನ್ನು ಎಳೆಯುತ್ತಾನೆ. ಎಳೆದದ್ದು ತಪ್ಪಲ್ಲ, ಎಲ್ಲೋ ಒಂದು ಕಡೆ ಎಳೆಯಲೇಬೇಕು. ಎಳೆದ ಗೆರೆಯನ್ನೇ ಹುಡುಕಿ ತೆಗೆದ ಗೆರೆಯೆಂದು ನಂಬಿಸಲು ಹೊರಟಾಗ ಮಾತ್ರ ನನಗೆ ಕಿರಿಕಿರಿಯಾಗುತ್ತದೆ, ಮತ್ತು ಟಿವಿಯ ಚರ್ಚೆಗಳಲ್ಲಿ 'ನಿಜವಾದ' ಎಂಬ ವಿಶೇಷಣ ಯಾವ ಪದದ ಹಿಂದೆ ಬಂದು ಕೂತರೂ ಅಲ್ಲಿ ಇಂಥದೊಂದು ಕೈಚಳಕ ನಡೆಯುತ್ತಿದೆಯೆಂದು ಅನುಮಾನಿಸುವುದು ಈಗ ರೂಢಿಯಾಗಿಬಿಟ್ಟಿದೆ.

'ಹಬ್ಬ'ಕ್ಕೆ ಬಂದಾಗ ಯಾವ ದಾರಿಯೂ ಪೂರ್ತಿ ಸಾಗಲಿಲ್ಲ. ಸಂತೋಷದಿಂದ ಆಚರಿಸುವ ದಿನ ಎಂದು ಬರೆದೆ. ಉತ್ತರ ಕರ್ನಾಟಕದ ಊರೂರುಗಳಲ್ಲಿ ಹಿಂದೂ ಮುಸ್ಲಿಮರೆಲ್ಲ ಸೇರುವ ಮೊಹರಂ, ಕರ್ಬಲಾದ ಸಾವಿನ ಶೋಕದ ನೆನಪು. ಜನ ಅದನ್ನು ಅಲಾಯಿ ಹಬ್ಬವೆಂದೇ ಕರೆಯುತ್ತಾರೆ. ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆಯಿಡುವುದು ಹಿರಿಯರ ಹಬ್ಬ. ವಿಶೇಷ ಅಡುಗೆ ಮಾಡುವ ದಿನ ಎಂದು ತಿದ್ದಿದೆ. ಶಿವರಾತ್ರಿಯ ಉಪವಾಸ ಅಡ್ಡ ಬಂತು. ದೇವರನ್ನು ಪೂಜಿಸುವ ದಿನ ಎಂದರೆ, ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ ಕರಿ ಹರಿಯುವ ಕಾರಹುಣ್ಣಿಮೆಯಲ್ಲಿ ದೇವರು ಎಷ್ಟು, ಎತ್ತು ಎಷ್ಟು? ಒಂದು ಹಬ್ಬಕ್ಕೂ ಇನ್ನೊಂದಕ್ಕೂ ಹೋಲಿಕೆಯಿದೆ, ಅದಕ್ಕೂ ಮತ್ತೊಂದಕ್ಕೂ ಇದೆ, ಎಲ್ಲಕ್ಕೂ ಸೇರಿದ ಒಂದು ಗಂಗೆದೊಗಲು ಮಾತ್ರ ಸಿಗಲಿಲ್ಲ. ಒಂದೇ ಮನೆತನದ ಮಕ್ಕಳು ಹೀಗೆಯೇ ಇರುತ್ತಾರೆ, ಒಬ್ಬನಿಗೆ ಅಜ್ಜನ ಮೂಗು, ಒಬ್ಬಳಿಗೆ ಅತ್ತೆಯ ನಗು, ಎಲ್ಲರಲ್ಲೂ ಇರುವ ಗುರುತು ಯಾವುದೂ ಇಲ್ಲ.

ವ್ಯುತ್ಪತ್ತಿಯನ್ನು ಮೇಲೆ ಅಷ್ಟು ಹಳಿದ ನನಗೆ ಇಲ್ಲಿ ಕೈಹಿಡಿದದ್ದು ಅದೇ. ಹಬ್ಬ ಎಂಬುದು 'ಪರ್ವ'ದ ತದ್ಭವ. ಪರ್ವವೆಂದರೆ ಗಿಣ್ಣು, ಕಬ್ಬಿನಲ್ಲೂ ಬಿದಿರಿನಲ್ಲೂ ಇರುವಂಥದ್ದು. ಒಂದೇ ಸಮನೆ ಉದ್ದಕ್ಕೆ ಬೆಳೆಯುವ ವರ್ಷದಲ್ಲಿ ಅಲ್ಲಲ್ಲಿ ಒಂದು ಗಿಣ್ಣು ಬರುತ್ತದೆ, ಅಲ್ಲಿ ದಿನ ಉಳಿದ ದಿನಗಳಂತಿರುವುದಿಲ್ಲ. ಶೋಕವೋ ಸಂತಸವೋ ಉಪವಾಸವೋ ಹೋಳಿಗೆಯೋ ಎಂಬುದು ಆಮೇಲಿನ ಮಾತು. "ಹಬ್ಬ: ಜನರು ಕೂಡಿ ವಿಶೇಷವಾಗಿ ಆಚರಿಸುವ ದಿನ" ಎಂದು ಬರೆದು ಕೊಟ್ಟೆ. ಆ 'ವಿಶೇಷವಾಗಿ' ಎಂಬ ಪದದೊಳಗೆ ಗಿಣ್ಣನ್ನು ಬಚ್ಚಿಟ್ಟಿದ್ದೇನೆ ಎಂಬುದು ನನಗೆ ಮಾತ್ರ ಗೊತ್ತು.

ಕೊನೆಯ ಪಟ್ಟಿಯಲ್ಲಿ ನಾನು ಸೇರಿಸಿ ಕಳಿಸಿದ ಒಂದು ನಮೂದು ಅಚ್ಚಾಗಲೇ ಇಲ್ಲ. 'ಹ್ಞೂಂ' ಎಂಬುದು ದಿನಕ್ಕೆ ನೂರು ಸಲ ನಾವು ಆಡುವ ಮಾತು. ಅದಕ್ಕೆ ಲಕ್ಷಣವಿಲ್ಲ, ವ್ಯುತ್ಪತ್ತಿಯಿಲ್ಲ, ಬೊಟ್ಟು ಮಾಡಿ ತೋರಿಸಲು ವಸ್ತುವಿಲ್ಲ, ಬಳಕೆಯೊಂದೇ ಇರುವುದು. ಕಥೆ ಕೇಳುವಾಗ ಮುಂದೆ ಹೇಳು ಎನ್ನಲು, ಕೇಳಿದ್ದಕ್ಕೆ ಒಪ್ಪಿಗೆ ಕೊಡಲು, ಸ್ವರ ಏರಿಸಿದರೆ ಏನೆಂದೆ ಎಂದು ಕೇಳಲು, ಇಳಿಸಿ ಎಳೆದರೆ ನೀನು ಹೇಳಿದ್ದನ್ನು ನಂಬಿಲ್ಲ ಎನ್ನಲು, ಎಂದು ನಾಲ್ಕು ಬಳಕೆಗಳನ್ನು ನಾಲ್ಕು ಸಾಲಿನಲ್ಲಿ ಬರೆದಿದ್ದೆ. ಇದು ಪದವಲ್ಲ, ಬರೀ ಸದ್ದು, ಎಂದು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಹಿಂದಿರುಗಿಸಿದರು.

ಪುಸ್ತಕ ಬಂದ ದಿನ ಒಂದು ಪ್ರತಿಯನ್ನು ಹಿಡಿದು ಪಕ್ಕದ ಮನೆಗೆ ಹೋದೆ. ಕೆಂಪಿ ಕರು ಹಾಕಿ ಬಹಳ ದಿನವಾಗಿತ್ತು, ಯಜಮಾನಿ ಹಾಲು ಕರೆಯುತ್ತಿದ್ದರು. ನಾನು ಪುಟ ತೆರೆದು, "ಹಸು: ಹಾಲಿಗಾಗಿ ಸಾಕುವ, ಅಂಬಾ ಎಂದು ಕೂಗುವ ಪ್ರಾಣಿ, ಆಕಳು" ಎಂದು ಓದಿ, ಬತ್ತಿದಾಗಲೂ ಅದು ಹಸುವೇ ಆಗಿರುವಂತೆ 'ಕೊಡುವ' ಎಂಬುದನ್ನು 'ಹಾಲಿಗಾಗಿ ಸಾಕುವ' ಎಂದು ತಿದ್ದಿದ್ದೇನೆ, ಎಮ್ಮೆ ಒಳಗೆ ಬರದಿರಲೆಂದು ಅಂಬಾ ಸೇರಿಸಿದ್ದೇನೆ ಎಂದು ವಿವರಿಸಿದೆ. ಅವರು ತಂಬಿಗೆಯಿಂದ ಕಣ್ಣೆತ್ತದೆ, "ಹ್ಞೂಂ" ಎಂದರು. ನಾಲ್ಕರಲ್ಲಿ ಅದು ಎಷ್ಟನೆಯದೆಂದು ಹಾಲಿನ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ.